ಗ್ರೂಪ್‌ನಿಂದ ರಿಮೂವ್ ಮಾಡೋ ಹಕ್ಕು: ಅಮೆರಿಕದ ಸಲಿಂಗಿಗಳು ಒಮ್ಮೆ ಗೆದ್ದು, ಒಮ್ಮೆ ಸೋತ ಕತೆ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ನಿಂತಿರೋರು, ಪಾತ್ರೆ ತೊಳೀತಾ ಇರೋರು, ನಿದ್ದೆ ಬರ್ಲಿ ಅಂತ ಪ್ಲೇ ಒತ್ತಿರೋರು, ಎಲ್ಲರಿಗೂ ಸ್ವಾಗತ. ಈ ವಾರದ ವಿಷಯ ಕೇಳಿದ್ರೆ ನಿಜವಾಗಲೂ ನಿದ್ದೆ ಬರುತ್ತೆ ಅಂತ ನಿಮಗೆ ಅನ್ನಿಸಬಹುದು. ಅಮೆರಿಕದ ಸಂವಿಧಾನ, ಕೋರ್ಟು, ತೀರ್ಪು. ನಾನು ಬಿ.ಕಾಂ. ಮಾಡಿದವನು, ಲಾಯರ್ ಅಲ್ಲ. ಬಿಸಿನೆಸ್ ಲಾ ಅನ್ನೋ ಒಂದು ಪೇಪರ್ ಪಾಸ್ ಮಾಡಿದ್ದು ಬಿಟ್ರೆ ಕಾನೂನಿಗೂ ನನಗೂ ನಂಟಿಲ್ಲ. ಆದ್ರೂ ಎರಡು ತಿಂಗಳಿಂದ ಈ ತೀರ್ಪುಗಳನ್ನ ಓದ್ತಾ ಕೂತಿದೀನಿ. ಯಾಕೆ ಅಂತ ಮೊದಲೇ ಹೇಳ್ಬಿಡ್ತೀನಿ.

ನಾಲ್ಕು ವರ್ಷದ ಹಿಂದೆ ನಮ್ಮದೊಂದು ಟ್ರೆಕ್ಕಿಂಗ್ ಗ್ರೂಪ್ ಇತ್ತು. ವಾಟ್ಸ್‌ಆಪ್‌ನಲ್ಲಿ 17 ಜನ. ತಿಂಗಳಿಗೊಂದು ಬೆಟ್ಟ ಹತ್ತೋದು, ಹೋಮ್‌ಸ್ಟೇಯಲ್ಲಿ ಮಲಗೋದು, ವಾಪಸ್ ಬರೋವಾಗ ಖರ್ಚಿನ ಲೆಕ್ಕಕ್ಕೆ ಜಗಳ ಆಡೋದು. ಲೆಕ್ಕ ಬರೀತಿದ್ದವನು ನಾನೇ, ಕಾಮರ್ಸ್ ಓದಿದ ತಪ್ಪಿಗೆ. ಒಂದು ಸಲ ರಾತ್ರಿ ಊಟ ಆದಮೇಲೆ ಮಾತಾಡ್ತಾ ಕೂತಿದ್ದಾಗ ಒಬ್ಬ ಗೆಳೆಯ ತಾನು ಗೇ ಅಂತ ಹೇಳ್ಕೊಂಡ. ಆವತ್ತು ಯಾರೂ ಏನೂ ಅನ್ನಲಿಲ್ಲ. ಒಬ್ಬಿಬ್ಬರು ಬೆನ್ನು ತಟ್ಟಿದ್ರು ಕೂಡ. ಸೋಮವಾರ ಬೆಳಿಗ್ಗೆ ನೋಡಿದ್ರೆ ಅವನನ್ನ ಗ್ರೂಪ್‌ನಿಂದ ರಿಮೂವ್ ಮಾಡಲಾಗಿತ್ತು. ಯಾಕೆ ಅಂತ ಒಬ್ಬಳು ಕೇಳಿದ್ದಕ್ಕೆ, ತೆಗೆದ ಅಡ್ಮಿನ್ ಬರೆದ: "ಇದು ನಮ್ಮ ಪ್ರೈವೇಟ್ ಗ್ರೂಪ್. ಯಾರು ಇರ್ಬೇಕು, ಯಾರು ಬೇಡ ಅನ್ನೋದು ನಮ್ಮಿಷ್ಟ."

ನಾನೂ ಆ ಗ್ರೂಪ್‌ನ ಅಡ್ಮಿನ್ ಆಗಿದ್ದೆ. ವಾಪಸ್ ಸೇರಿಸೋಕೆ ಹತ್ತು ಸೆಕೆಂಡ್ ಸಾಕಿತ್ತು. ಸೇರಿಸಲಿಲ್ಲ.

ಇದನ್ನ ಹೇಳೋಕೆ ಮುಂಚೆ ಅವನಿಗೆ ಫೋನ್ ಮಾಡಿ ಒಪ್ಪಿಗೆ ತಗೊಂಡಿದೀನಿ. ಹೆಸರು, ಊರು ಹೇಳಲ್ಲ. ಅವನು ಹಾಕಿದ್ದು ಒಂದೇ ಕಂಡೀಷನ್: "ಹೇಳ್ಕೋ ಮಾರಾಯ, ಆದ್ರೆ ನಿನ್ನನ್ನ ನೀನೇ ಒಳ್ಳೆಯವನನ್ನಾಗಿ ಮಾಡ್ಕೊಂಡು ಹೇಳ್ಬೇಡ." ಸರಿ.

ಆ "ನಮ್ಮ ಗ್ರೂಪ್, ನಮ್ಮಿಷ್ಟ" ಅನ್ನೋ ಮಾತು ನನ್ನ ತಲೆಯಲ್ಲೇ ಉಳಿದುಬಿಟ್ಟಿತ್ತು. ಈ ವರ್ಷ ಗೊತ್ತಾಯ್ತು, ಅದೇ ಮಾತನ್ನ ಇಟ್ಕೊಂಡು ಒಂದು ದೊಡ್ಡ ಸಂಸ್ಥೆ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಗೆದ್ದೂ ಬಂದಿತ್ತು. ಸಂಸ್ಥೆ ಬಾಯ್ ಸ್ಕೌಟ್ಸ್. ಅವರು ಹೊರಗೆ ಹಾಕಿದ ಹುಡುಗನ ಹೆಸರು ಜೇಮ್ಸ್ ಡೇಲ್.

ಮೊದಲು ಓದಿದಾಗ ನನಗೆ ಬಂದದ್ದು ಬರೀ ಸಿಟ್ಟು. ಜಡ್ಜ್‌ಗಳಿಗೆ ಸಲಿಂಗಿಗಳನ್ನ ಕಂಡ್ರೆ ಆಗಲ್ಲ, ಅದಕ್ಕೇ ಹೀಗೆ ಬರೆದಿದಾರೆ, ಮುಗೀತು ಅಂದ್ಕೊಂಡೆ. ಆಮೇಲೆ ಒಂದೊಂದೇ ಹಳೇ ಕೇಸು ಹಿಂದಕ್ಕೆ ಹಿಂದಕ್ಕೆ ಓದ್ತಾ ಹೋದೆ. ಅಲ್ಲಿ ಸಿಕ್ಕಿದ್ದು ನನ್ನನ್ನ ಗೊಂದಲಕ್ಕೆ ಹಾಕ್ತು. ಡೇಲ್‌ನನ್ನ ಹೊರಗೆ ಹಾಕೋಕೆ ಬಳಕೆಯಾದ ಹಕ್ಕು ಇದೆಯಲ್ಲ, ಅದೇ ಹಕ್ಕಿನಿಂದಲೇ ಅಮೆರಿಕದ ಸಲಿಂಗಿ ವಿದ್ಯಾರ್ಥಿಗಳು ತಮ್ಮ ಮೊದಮೊದಲ ಕೇಸುಗಳನ್ನ ಗೆದ್ದಿದ್ರು.

ಹಕ್ಕಿನ ಹೆಸರು ಸಂಘ ಕಟ್ಟುವ ಸ್ವಾತಂತ್ರ್ಯ. ನಮ್ಮ ಸಂವಿಧಾನದಲ್ಲಿ ಇದು ಬಾಯಿಬಿಟ್ಟು ಬರೆದಿರೋ ಹಕ್ಕು: 19(1)(ಸಿ), ಸಂಘ ಸಂಸ್ಥೆಗಳನ್ನ ಕಟ್ಟಿಕೊಳ್ಳೋದು. ಅಮೆರಿಕದ ಸಂವಿಧಾನ ಹುಡುಕಿದ್ರೆ ಆ ಪದವೇ ಇಲ್ಲ. 1791ರಲ್ಲಿ ಬಂದ ಮೊದಲನೇ ತಿದ್ದುಪಡಿಯಲ್ಲಿ ಧರ್ಮ ಇದೆ, ಮಾತು ಇದೆ, ಪತ್ರಿಕೆ ಇದೆ, ಶಾಂತಿಯಿಂದ ಸಭೆ ಸೇರೋದಿದೆ, ಸರ್ಕಾರಕ್ಕೆ ಅಹವಾಲು ಕೊಡೋದಿದೆ. ಸಂಘ ಇಲ್ಲ. ಅದನ್ನ ಕೋರ್ಟು ಈ ಉಳಿದ ಹಕ್ಕುಗಳ ಒಳಗಿಂದ ಹೊರಗೆ ತೆಗೆದದ್ದು 1958ರಲ್ಲಿ, ಕಪ್ಪು ಜನರ ಹೋರಾಟದ ಒಂದು ಕೇಸಲ್ಲಿ.

ಅಲಬಾಮಾ ಅಂತ ದಕ್ಷಿಣದ ಒಂದು ರಾಜ್ಯ. ಅಲ್ಲಿ ಎನ್‌ಎಎಸಿಪಿ ಅನ್ನೋ ಕಪ್ಪು ಜನರ ಹಕ್ಕಿನ ಸಂಘಟನೆಗೆ ರಾಜ್ಯ ಸರ್ಕಾರ, ನಿಮ್ಮ ಸದಸ್ಯರ ಪಟ್ಟಿ ಕೊಡಿ ಅಂತು. ಕೇಳೋಕೆ ಎಷ್ಟು ಸಾದಾ ಬೇಡಿಕೆ ನೋಡಿ. ನಮ್ಮಲ್ಲಿ ಸೊಸೈಟಿ ರಿಜಿಸ್ಟರ್ ಮಾಡಿದ್ರೆ ವರ್ಷಾ ವರ್ಷ ಪಟ್ಟಿ ಕೊಡ್ತೀವಪ್ಪ. ಆದ್ರೆ 1950ರ ದಶಕದ ಅಲಬಾಮಾದಲ್ಲಿ ಆ ಪಟ್ಟಿ ಹೊರಗೆ ಬಿತ್ತು ಅಂದ್ರೆ ಕೆಲಸ ಹೋಯ್ತು, ಬಾಡಿಗೆ ಮನೆ ಹೋಯ್ತು, ಜೀವಕ್ಕೂ ಗ್ಯಾರಂಟಿ ಇಲ್ಲ. ಸಂಘಟನೆ ಕೊಡಲ್ಲ ಅಂತು. ರಾಜ್ಯದ ಕೋರ್ಟು ನ್ಯಾಯಾಂಗ ನಿಂದನೆ ಅಂತ ದಂಡ ಹಾಕ್ತು, ಅದು 1 ಲಕ್ಷ ಡಾಲರ್‌ಗೆ ಏರ್ತು. ಕೊನೆಗೆ ಸುಪ್ರೀಂ ಕೋರ್ಟ್ ಒಮ್ಮತದಿಂದ ಸಂಘಟನೆಯ ಪರ ನಿಂತಿತು. ಒಬ್ಬೊಬ್ಬರಾಗಿ ಮಾತಾಡೋಕೆ ಹಕ್ಕಿದೆ ಅಂದ್ಮೇಲೆ ಒಟ್ಟಿಗೆ ಸೇರಿ ಮಾತಾಡೋಕೂ ಹಕ್ಕಿದೆ, ಪಟ್ಟಿ ಬಯಲು ಮಾಡಿಸಿದ್ರೆ ಜನ ಸೇರೋದೇ ನಿಂತುಹೋಗುತ್ತೆ, ಅನ್ನೋದು ಅದರ ತಿರುಳು.

ಈಗ ಸಲಿಂಗಿಗಳ ಕಡೆ ಬರೋಣ. ಅವರಿಗೆ ಆ ಕಾಲದಲ್ಲಿ ಒಂದು ಕಡೆ ಸೇರೋದೇ ಅಪರಾಧದ ಹಾಗಿತ್ತು. ಬಾರ್‌ಗೆ ಸಲಿಂಗಿಗಳು ಬರ್ತಾರೆ ಅಂತ ಬಾರ್‌ನ ಲೈಸೆನ್ಸೇ ಹೋಗ್ತಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ಬ್ಲ್ಯಾಕ್ ಕ್ಯಾಟ್ ಅನ್ನೋ ಜಾಗದ ಮಾಲೀಕ ಇದರ ವಿರುದ್ಧ ಹೋರಾಡಿ, 1951ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟಿನಲ್ಲಿ ಗೆದ್ದ. ಗಿರಾಕಿಗಳು ಸಲಿಂಗಿಗಳು ಅನ್ನೋ ಒಂದೇ ಕಾರಣಕ್ಕೆ ಲೈಸೆನ್ಸ್ ಅಮಾನತು ಮಾಡೋ ಹಾಗಿಲ್ಲ ಅಂತ ಕೋರ್ಟು ಹೇಳ್ತು. ನ್ಯೂಯಾರ್ಕಲ್ಲಿ 1966ರಲ್ಲಿ ಕೆಲವರು ಸೂಟು ಬೂಟು ಹಾಕ್ಕೊಂಡು ಜೂಲಿಯಸ್ ಅನ್ನೋ ಬಾರ್‌ಗೆ ಹೋಗಿ, ನಾವು ಸಲಿಂಗಿಗಳು, ಕುಡಿಯೋಕೆ ಕೊಡಿ ಅಂತ ಕೇಳಿ, ಕೊಡಲ್ಲ ಅನ್ನಿಸ್ಕೊಂಡು ಬಂದ್ರು. ಅದೇ ಪ್ರತಿಭಟನೆ. ಸ್ಟೋನ್‌ವಾಲ್ ದಂಗೆಯ ಹೆಸರು ಕೇಳಿರ್ತೀರಿ, ಅದು ಇದಾದ ಮೂರು ವರ್ಷಕ್ಕೆ, 1969ರ ಜೂನ್ 28ರ ನಸುಕಿನಲ್ಲಿ ಶುರುವಾಯ್ತು. ಆ ತಾರೀಖು ನೆನಪಿಟ್ಕೊಳ್ಳಿ, ಮತ್ತೆ ಬರುತ್ತೆ.

ನನಗೆ ಇದರಲ್ಲೆಲ್ಲ ಜಾಸ್ತಿ ಇಷ್ಟ ಆದದ್ದು ಒಂದು ಡ್ಯಾನ್ಸ್‌ನ ಕೇಸು. 1973. ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯ. ಗೇ ವಿದ್ಯಾರ್ಥಿಗಳು ಒಂದು ಸಂಘ ಕಟ್ಕೊಂಡ್ರು, ವಿಶ್ವವಿದ್ಯಾಲಯ ಮಾನ್ಯತೆಯನ್ನೂ ಕೊಡ್ತು. ನವೆಂಬರ್ 9ಕ್ಕೆ ಕ್ಯಾಂಪಸ್‌ನಲ್ಲಿ ಒಂದು ಡ್ಯಾನ್ಸ್ ಇಟ್ಕೊಂಡ್ರು. ಗಲಾಟೆ ಇಲ್ಲ, ಗದ್ದಲ ಇಲ್ಲ, ಕುಣಿದು ಮನೆಗೆ ಹೋದ್ರು. ಆದ್ರೆ ಸುದ್ದಿ ಪೇಪರ್‌ಗೆ ಬಂತು. ರಾಜ್ಯದ ಗವರ್ನರ್ ಮೆಲ್ಡ್ರಿಮ್ ಥಾಮ್ಸನ್ ಕೆಂಡಾಮಂಡಲ ಆದ್ರು. ಅಲ್ಲಿ ಗವರ್ನರ್ ಅಂದ್ರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ಯೂನಿವರ್ಸಿಟಿಗೆ ದುಡ್ಡು ಬರೋದರಲ್ಲಿ ಅವರ ಕೈ ಇರುತ್ತೆ. ವಿಶ್ವವಿದ್ಯಾಲಯ ಹೆದರಿ ಒಂದು ನಡುದಾರಿ ಹುಡುಕ್ತು: ಸಂಘ ಇರಲಿ, ಆದ್ರೆ ಡ್ಯಾನ್ಸ್, ಪಾರ್ಟಿ ಥರದ ಕಾರ್ಯಕ್ರಮ ಸದ್ಯಕ್ಕೆ ಬೇಡ.

ಈ ನಡುದಾರಿಯನ್ನ ಸ್ವಲ್ಪ ಯೋಚನೆ ಮಾಡಿ. ಮೀಟಿಂಗ್ ಮಾಡಿ, ಕರಪತ್ರ ಹಂಚಿ, ಹಕ್ಕಿನ ಬಗ್ಗೆ ಭಾಷಣ ಬಿಗೀರಿ, ಆದ್ರೆ ಕುಣೀಬೇಡಿ. ವಿದ್ಯಾರ್ಥಿಗಳು ಕೋರ್ಟಿಗೆ ಹೋದ್ರು. 1974ರ ಡಿಸೆಂಬರ್‌ನಲ್ಲಿ ಫೆಡರಲ್ ಅಪೀಲು ಕೋರ್ಟಿನ ಮುಖ್ಯ ನ್ಯಾಯಾಧೀಶ ಫ್ರಾಂಕ್ ಕಾಫಿನ್ ತೀರ್ಪು ಬರೆದ್ರು. ಬೇರೆ ಎಲ್ಲ ವಿದ್ಯಾರ್ಥಿ ಸಂಘಗಳಿಗೂ ಸೋಷಿಯಲ್ ಕಾರ್ಯಕ್ರಮಕ್ಕೆ ಜಾಗ ಕೊಟ್ಟು, ಇವರಿಗೆ ಮಾತ್ರ ಇಲ್ಲ ಅನ್ನೋ ಹಾಗಿಲ್ಲ. ಜನ ಒಂದು ಕಡೆ ಸೇರಿ, ಹರಟಿ, ಪರಿಚಯ ಮಾಡ್ಕೊಳ್ಳೋದರಲ್ಲೇ ಸಂಘ ಬೆಳೆಯೋದು, ವಿಚಾರ ಹರಡೋದು. ಅದನ್ನ ತಡೆದ್ರೆ ಸಂಘದ ಹಕ್ಕನ್ನೇ ತಡೆದ ಹಾಗೆ. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಸಲಿಂಗ ಸಂಬಂಧವೇ ಕ್ರಿಮಿನಲ್ ಅಪರಾಧ ಆಗಿದ್ದ ಕಾಲದಲ್ಲಿ ಹೀಗೆ ಬರೆದದ್ದು ಅನ್ನೋದನ್ನ ಮರೀಬೇಡಿ. ಆ ಕಾನೂನುಗಳೆಲ್ಲ ಪೂರ್ತಿ ಬಿದ್ದದ್ದು 2003ರಲ್ಲಿ, ಲಾರೆನ್ಸ್ ಕೇಸಿನಲ್ಲಿ. ಅಂದ್ರೆ ಪ್ರೀತಿ ಮಾಡೋ ಹಕ್ಕಿಗಿಂತ ಸುಮಾರು 30 ವರ್ಷ ಮುಂಚೆ ಕುಣಿಯೋ ಹಕ್ಕು ಬಂತು. ಮಲಗೋ ಕೋಣೆಯಲ್ಲಿ ಸಿಗದೇ ಇದ್ದದ್ದು ಸಂಘದ ಹೆಸರಲ್ಲಿ ಸಿಕ್ತು.

ಇದೇ ಥರ ಮಿಸೌರಿ ವಿಶ್ವವಿದ್ಯಾಲಯದ ಗೇ ವಿದ್ಯಾರ್ಥಿಗಳೂ ಗೆದ್ರು. ವಿಶ್ವವಿದ್ಯಾಲಯ ಸುಪ್ರೀಂ ಕೋರ್ಟಿಗೆ ಹೋಯ್ತು, 1978ರಲ್ಲಿ ಕೋರ್ಟು ಆ ಕೇಸನ್ನ ಕೈಗೆ ತಗೊಳ್ಳಲೇ ಇಲ್ಲ. ತಗೋಬೇಕಿತ್ತು ಅಂತ ಭಿನ್ನಮತ ಬರೆದ ಒಬ್ಬ ಜಡ್ಜು ವಿಲಿಯಂ ರೆನ್‌ಕ್ವಿಸ್ಟ್. ಅವರು ಒಂದು ಹೋಲಿಕೆ ಕೊಟ್ರು. ವಿಶ್ವವಿದ್ಯಾಲಯದ ದೃಷ್ಟಿಯಿಂದ ನೋಡಿದ್ರೆ ಇದು ದಡಾರ ಬಂದವರ ಪ್ರಶ್ನೆಯ ಹಾಗಿದೆ: ಪ್ರತ್ಯೇಕವಾಗಿ ಇರಿ ಅನ್ನೋ ನಿಯಮ ಮುರಿದು, ದಡಾರ ಇಲ್ಲದವರ ಜೊತೆ ಸೇರಿ, ಆ ನಿಯಮವನ್ನೇ ತೆಗೀರಿ ಅಂತ ಒತ್ತಾಯ ಮಾಡೋಕೆ ಅವರಿಗೆ ಹಕ್ಕಿದೆಯಾ ಅಂತ. ದಡಾರ! ಓದಿ ಫೋನ್ ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ರೆನ್‌ಕ್ವಿಸ್ಟ್ ಹೆಸರನ್ನೂ ನೆನಪಿಟ್ಕೊಳ್ಳಿ.

ಇಲ್ಲಿವರೆಗಿನ ಕೇಸುಗಳಲ್ಲಿ ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ಸಂಘ. ಸೇರಬೇಡಿ ಅಂತ ಸರ್ಕಾರ ಹೇಳುತ್ತೆ, ಸೇರ್ತೀವಿ ಅಂತ ಇವರು ಹೇಳ್ತಾರೆ. 1980ರ ದಶಕಕ್ಕೆ ಬಂದ್ರೆ ಪ್ರಶ್ನೆ ಉಲ್ಟಾ ಆಗುತ್ತೆ. ಸಂಘದವರು ಯಾರನ್ನೋ ಬೇಡ ಅಂತಾರೆ, ಸೇರಿಸ್ಕೊಳ್ಳಿ ಅಂತ ಸರ್ಕಾರದ ಕಾನೂನು ಹೇಳುತ್ತೆ.

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ತಾರತಮ್ಯ ತಡೆಯೋ ಕಾನೂನು ಇದೆ. ಹೋಟೆಲು, ಅಂಗಡಿ, ಥಿಯೇಟರ್, ಅಂದ್ರೆ ಸಾರ್ವಜನಿಕರಿಗೆ ಬಾಗಿಲು ತೆರೆದು ಕೂತ ಯಾವುದೇ ಜಾಗ ಬಣ್ಣ, ಧರ್ಮ, ಲಿಂಗ ನೋಡಿ ಜನರನ್ನ ವಾಪಸ್ ಕಳಿಸೋ ಹಾಗಿಲ್ಲ. ಕ್ಲಬ್ಬು, ಸಂಘ ಇದಕ್ಕೆ ಸೇರುತ್ತಾ? ಜೇಸೀಸ್ ಕೇಸು ಬಂದದ್ದು ಇಲ್ಲಿಂದ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಜೇಸಿಐ ಬೋರ್ಡ್ ನೋಡಿರ್ತೀರಲ್ಲ, ಅದೇ ಕುಟುಂಬದ ಅಮೆರಿಕದ ಸಂಸ್ಥೆ. 18ರಿಂದ 35 ವರ್ಷದ ಗಂಡಸರು ಮಾತ್ರ ಪೂರ್ಣ ಸದಸ್ಯರು. ಹೆಂಗಸರು ಬರಬಹುದು, ಆದ್ರೆ ಓಟಿಲ್ಲ, ಪದಾಧಿಕಾರ ಇಲ್ಲ. ಮಿನ್ನೆಸೋಟಾ ರಾಜ್ಯದ ಎರಡು ಶಾಖೆಗಳು ಹೆಂಗಸರನ್ನ ಪೂರ್ಣ ಸದಸ್ಯರಾಗಿ ಸೇರಿಸ್ಕೊಂಡ್ವು. ನಿಮ್ಮ ಮಾನ್ಯತೆ ರದ್ದು ಮಾಡ್ತೀವಿ ಅಂತ ಕೇಂದ್ರ ಸಂಸ್ಥೆ ಹೆದರಿಸ್ತು.

1984ರಲ್ಲಿ ಸುಪ್ರೀಂ ಕೋರ್ಟ್ ಜೇಸೀಸ್ ವಿರುದ್ಧ ತೀರ್ಪು ಕೊಡ್ತು. ಜಸ್ಟಿಸ್ ಬ್ರೆನ್ನನ್ ಸಂಘದ ಹಕ್ಕನ್ನ ಎರಡು ಭಾಗ ಮಾಡಿದ್ರು. ಒಂದು, ಆಪ್ತ ಸಂಬಂಧಗಳದ್ದು: ಮದುವೆ, ಮನೆ, ಸಣ್ಣ ಬಳಗ. ಅಲ್ಲಿ ಸರ್ಕಾರ ತಲೆಹಾಕಬಾರದು. ಇನ್ನೊಂದು, ಯಾವುದೋ ಮಾತನ್ನ ಒಟ್ಟಾಗಿ ಹೇಳೋಕೆ ಕಟ್ಕೊಂಡ ಸಂಘ. ಜೇಸೀಸ್‌ಗೆ ಆಗ ಸುಮಾರು 2 ಲಕ್ಷ 95 ಸಾವಿರ ಸದಸ್ಯರು, ವಯಸ್ಸು ಮತ್ತು ಲಿಂಗ ಬಿಟ್ರೆ ಬೇರೆ ಯಾವ ಸೋಸುವಿಕೆಯೂ ಇಲ್ಲ. ಇದನ್ನ ಆಪ್ತ ಬಳಗ ಅನ್ನೋಕಾಗುತ್ತಾ? ಹೆಂಗಸರು ಬಂದ್ರೆ ಸಂಸ್ಥೆಯ ಮಾತು ಬದಲಾಗುತ್ತೆ ಅನ್ನೋಕೆ ಪುರಾವೆ ಎಲ್ಲಿದೆ? ಇದೇ ಕೇಸಿನಲ್ಲಿ ಜಸ್ಟಿಸ್ ಸ್ಯಾಂಡ್ರಾ ಡೇ ಓ'ಕಾನರ್ ಬೇರೆಯಾಗಿ ಬರೆದದ್ದು ನನ್ನಂಥ ಕಾಮರ್ಸ್‌ನವನಿಗೆ ತಕ್ಷಣ ಅರ್ಥ ಆಯ್ತು. ಸಂಘ ಮುಖ್ಯವಾಗಿ ವ್ಯಾಪಾರದ ಲೋಕದಲ್ಲಿದೆಯಾ, ಮಾತಿನ ಲೋಕದಲ್ಲಿದೆಯಾ ಅಂತ ನೋಡಿ. ವ್ಯಾಪಾರಕ್ಕಿಳಿದ್ರೆ ವ್ಯಾಪಾರದ ನಿಯಮ, ಆಮೇಲೆ ನಮ್ಮಿಷ್ಟ ಅನ್ನೋ ಹಾಗಿಲ್ಲ. ಜೇಸೀಸ್ ಸದಸ್ಯತ್ವವನ್ನೇ ಒಂದು ಪ್ರಾಡಕ್ಟ್ ಥರ ಮಾರ್ತಿತ್ತು.

ಇಷ್ಟಕ್ಕೇ ನಿಂತಿದ್ರೆ ಡೇಲ್ ಗೆಲ್ಲಬೇಕಿತ್ತು. ಮಧ್ಯದಲ್ಲಿ ಬಾಸ್ಟನ್‌ನ ಮೆರವಣಿಗೆ ಬಂತು.

ಸೇಂಟ್ ಪ್ಯಾಟ್ರಿಕ್ ದಿನದ ಮೆರವಣಿಗೆ, ಐರಿಷ್ ಜನರ ದೊಡ್ಡ ಹಬ್ಬ. ದಕ್ಷಿಣ ಬಾಸ್ಟನ್‌ನಲ್ಲಿ ಅದನ್ನ ಆಗ ನಡೆಸ್ತಿದ್ದದ್ದು ಮಾಜಿ ಸೈನಿಕರ ಒಂದು ಖಾಸಗಿ ಮಂಡಳಿ. ಐರಿಷ್ ಮೂಲದ ಸಲಿಂಗಿಗಳ ಒಂದು ಗುಂಪು, ನಾವೂ ನಮ್ಮ ಬ್ಯಾನರ್ ಹಿಡಿದು ಬರ್ತೀವಿ ಅಂತು. ಮಂಡಳಿ ಬೇಡ ಅಂತು. ರಾಜ್ಯದ ಕೋರ್ಟುಗಳು ಸೇರಿಸ್ಕೊಳ್ಳಿ ಅಂದಾಗ, 1994ರಲ್ಲಿ ಮಂಡಳಿ ಮೆರವಣಿಗೆಯನ್ನೇ ರದ್ದು ಮಾಡ್ತು. 1995ರಲ್ಲಿ ಸುಪ್ರೀಂ ಕೋರ್ಟ್, ಒಬ್ಬ ಜಡ್ಜೂ ಬಿಡದೆ ಎಲ್ಲರೂ, ಮಂಡಳಿಯ ಪರ. ಜಸ್ಟಿಸ್ ಸೌಟರ್ ಬರೆದ ಪ್ರಕಾರ ಮೆರವಣಿಗೆ ಅಂದ್ರೆ ಅದೇ ಒಂದು ಮಾತು. ಯಾವ ಬ್ಯಾನರ್ ಇರಬೇಕು ಅಂತ ನಡೆಸೋರು ತೀರ್ಮಾನ ಮಾಡ್ತಾರೆ. ಸಲಿಂಗಿಗಳು ಬೇರೆ ತಂಡಗಳ ಜೊತೆ ನಡೆಯೋಕೆ ಇಲ್ಲಿ ಅಡ್ಡಿ ಇಲ್ಲ, ಜಗಳ ಇರೋದು ಬ್ಯಾನರ್‌ಗೆ. ನಾನು ಇದನ್ನ ಬೈಕೊಂಡೇ ಒಪ್ಕೊಂಡೆ. ಯಾಕಂದ್ರೆ ಉಲ್ಟಾ ಹಾಕಿ ನೋಡಿ: ಪ್ರೈಡ್ ಮೆರವಣಿಗೆಗೆ "ಸಲಿಂಗ ಪ್ರೇಮ ಪಾಪ" ಅನ್ನೋ ಬ್ಯಾನರ್ ಹಿಡಿದು ಯಾರೋ ಬಂದು, ಕಾನೂನು ಪ್ರಕಾರ ನಮ್ಮನ್ನೂ ಸೇರಿಸ್ಕೊಳ್ಳಿ ಅಂದ್ರೆ?

ಈಗ ಜೇಮ್ಸ್ ಡೇಲ್. ನ್ಯೂ ಜೆರ್ಸಿಯ ಹುಡುಗ. 1978ರಲ್ಲಿ, 8 ವರ್ಷಕ್ಕೆ ಸ್ಕೌಟ್ಸ್‌ನ ಮರಿ ತಂಡಕ್ಕೆ ಸೇರಿದ. 10 ವರ್ಷ ಅದರಲ್ಲೇ ಬೆಳೆದು 1988ರಲ್ಲಿ ಈಗಲ್ ಸ್ಕೌಟ್ ಆದ. ಆಗ ನೂರು ಸ್ಕೌಟ್‌ಗಳಲ್ಲಿ ಮೂವರು ಮಾತ್ರ ಮುಟ್ಟುತ್ತಿದ್ದ ಹಂತ ಅದು. ಆಮೇಲೆ 73ನೇ ಟ್ರೂಪ್‌ಗೆ ಸಹಾಯಕ ಸ್ಕೌಟ್ ಮಾಸ್ಟರ್. ಓದೋಕೆ ರಟ್ಗರ್ಸ್ ವಿಶ್ವವಿದ್ಯಾಲಯಕ್ಕೆ ಹೋದ, ಅಲ್ಲಿ ತಾನು ಗೇ ಅಂತ ಮುಚ್ಚಿಡದೆ ಹೇಳ್ಕೊಂಡ, ಅಲ್ಲಿನ ಗೇ ಲೆಸ್ಬಿಯನ್ ವಿದ್ಯಾರ್ಥಿ ಸಂಘದ ಸಹ ಅಧ್ಯಕ್ಷನೂ ಆದ. ಗಮನಿಸಿ, ನ್ಯೂ ಹ್ಯಾಂಪ್‌ಶೈರ್‌ನ ಹುಡುಗ ಹುಡುಗಿಯರು ಕೋರ್ಟಿಗೆ ಹೋಗಿ ಉಳಿಸ್ಕೊಂಡಿದ್ದ ಥರದ್ದೇ ಸಂಘ. 1990ರ ಜುಲೈನಲ್ಲಿ, ಹದಿಹರೆಯದ ಸಲಿಂಗಿಗಳ ಅಗತ್ಯಗಳ ಬಗ್ಗೆ ಒಂದು ಸೆಮಿನಾರ್‌ಗೆ ಹೋಗಿದ್ದಾಗ ಸ್ಥಳೀಯ ಪತ್ರಿಕೆ ಅವನನ್ನ ಮಾತಾಡಿಸಿ ಫೋಟೋ ಹಾಕ್ತು. ಅದೇ ತಿಂಗಳು ಸ್ಕೌಟ್ಸ್‌ನಿಂದ ಪತ್ರ ಬಂತು: ನಿಮ್ಮ ಸದಸ್ಯತ್ವ ರದ್ದು. ಯಾಕೆ ಅಂತ ಕೇಳಿ ಬರೆದ. ಸ್ಕೌಟ್ಸ್ ಸಲಿಂಗಿಗಳಿಗೆ ಸದಸ್ಯತ್ವ ಕೊಡಲ್ಲ ಅಂತ ಉತ್ತರ.

12 ವರ್ಷ ಇದ್ದ ಜಾಗದಿಂದ ಒಂದು ಪತ್ರದಲ್ಲಿ ರಿಮೂವ್.

ಡೇಲ್ 1992ರಲ್ಲಿ ಕೇಸು ಹಾಕಿದ. ನ್ಯೂ ಜೆರ್ಸಿಯ ತಾರತಮ್ಯ ವಿರೋಧಿ ಕಾನೂನಿಗೆ ಅಷ್ಟರಲ್ಲಿ ಲೈಂಗಿಕ ಒಲವೂ ಸೇರಿತ್ತು. ಕೆಳಗಿನ ಕೋರ್ಟಲ್ಲಿ ಸೋತ, ಅಪೀಲಿನಲ್ಲಿ ಗೆದ್ದ, 1999ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಲ್ಲಿ ಒಮ್ಮತದಿಂದ ಗೆದ್ದ. ಸ್ಕೌಟ್ಸ್ ವಾಷಿಂಗ್ಟನ್‌ಗೆ ಹೋಯ್ತು. ಅಲ್ಲಿ ಡೇಲ್ ಪರ ವಾದಿಸಿದವರು ಇವಾನ್ ವುಲ್ಫ್‌ಸನ್. ತೀರ್ಪು ಬಂದದ್ದು 2000ನೇ ಇಸವಿ ಜೂನ್ 28. ಸ್ಟೋನ್‌ವಾಲ್ ದಂಗೆಯಾಗಿ ಸರಿಯಾಗಿ 31 ವರ್ಷ. 5-4ರಿಂದ ಡೇಲ್ ಸೋತ. ಬಹುಮತದ ತೀರ್ಪು ಬರೆದವರು ಆಗ ಮುಖ್ಯ ನ್ಯಾಯಮೂರ್ತಿ ಆಗಿದ್ದ ರೆನ್‌ಕ್ವಿಸ್ಟ್. ದಡಾರದ ರೆನ್‌ಕ್ವಿಸ್ಟ್.

22 ವರ್ಷದ ಹಿಂದೆ ಸಲಿಂಗಿಗಳ ಸಂಘದ ಹಕ್ಕಿನ ಬಗ್ಗೆ ಅಷ್ಟು ಅನುಮಾನ ಇದ್ದವರಿಗೆ ಈಗ ಸಂಘದ ಹಕ್ಕು ಎಷ್ಟು ವಿಶಾಲವಾಗಿ ಕಾಣಿಸ್ತು ನೋಡಿ. ಸ್ಕೌಟ್ಸ್ ಹುಡುಗರಿಗೆ ಮೌಲ್ಯ ಕಲಿಸೋ ಸಂಸ್ಥೆ, ಹಾಗಾಗಿ ಅದು ಮಾತಿನ ಸಂಘ. ಅವರ ಪ್ರತಿಜ್ಞೆಯಲ್ಲಿ ನೈತಿಕವಾಗಿ ನೇರವಾಗಿರಬೇಕು ಅಂತ ಇದೆ, ನಿಯಮದಲ್ಲಿ ಶುದ್ಧವಾಗಿರಬೇಕು ಅಂತ ಇದೆ, ಸಲಿಂಗಿಯಾಗಿರೋದು ಇದಕ್ಕೆ ಹೊಂದಲ್ಲ ಅಂತ ಸ್ಕೌಟ್ಸ್ ಹೇಳುತ್ತೆ. ಡೇಲ್ ಅಲ್ಲಿದ್ದರೆ ತಮ್ಮ ಸಂದೇಶಕ್ಕೆ ಧಕ್ಕೆ ಅಂತಲೂ ಹೇಳುತ್ತೆ. ಯಾವುದರಿಂದ ಧಕ್ಕೆ ಅನ್ನೋದರಲ್ಲಿ ಸಂಘದ ಮಾತಿಗೇ ಕೋರ್ಟು ಬೆಲೆ ಕೊಡಬೇಕು. ಇನ್ನೊಂದು ಮಾತನ್ನೂ ರೆನ್‌ಕ್ವಿಸ್ಟ್ ಸೇರಿಸಿದ್ರು, ಅದನ್ನ ಬದಿಗೆ ತಳ್ಳೋಕೆ ನನ್ನಿಂದ ಆಗಿಲ್ಲ: ಸಮಾಜದಲ್ಲಿ ಸಲಿಂಗಿಗಳನ್ನ ಒಪ್ಪೋರು ಜಾಸ್ತಿ ಆಗ್ತಿದಾರೆ ಅಂದ್ರೆ, ಒಪ್ಪದೇ ಇರೋರಿಗೆ ರಕ್ಷಣೆ ಕಮ್ಮಿ ಮಾಡಬೇಕು ಅಂತ ಅರ್ಥ ಅಲ್ಲ. ಜನಪ್ರಿಯ ಅಲ್ಲದ ಅಭಿಪ್ರಾಯಕ್ಕೇ ಮೊದಲನೇ ತಿದ್ದುಪಡಿ ಬೇಕಾಗೋದು. 1974ರಲ್ಲಿ ಆ ಜನಪ್ರಿಯವಲ್ಲದವರು ಡ್ಯಾನ್ಸ್ ಮಾಡಿದ ಗೇ ವಿದ್ಯಾರ್ಥಿಗಳೇ ಆಗಿದ್ರು ಅನ್ನೋದನ್ನೂ ಜೊತೆಗಿಟ್ಕೊಳ್ಳಿ.

ಜಸ್ಟಿಸ್ ಸ್ಟೀವನ್ಸ್ ಭಿನ್ನಮತ ಬರೆದ್ರು, ಇನ್ನು ಮೂವರು ಅವರ ಜೊತೆ. ಅವರ ಪ್ರಶ್ನೆ ಆಡಿಟರ್ ಕೇಳೋ ಪ್ರಶ್ನೆ ಥರ ಇದೆ: ವೋಚರ್ ಎಲ್ಲಿ? ಪ್ರತಿಜ್ಞೆಯಲ್ಲಿ ಸಲಿಂಗಿಗಳ ಬಗ್ಗೆ ಒಂದಕ್ಷರ ಇಲ್ಲ. ಲೈಂಗಿಕ ವಿಷಯ ಬಂದ್ರೆ ಮನೆಯವರನ್ನೋ ಧರ್ಮಗುರುಗಳನ್ನೋ ಕೇಳಿ ಅಂತ ಹುಡುಗರನ್ನ ಕಳಿಸೋ ಸಂಸ್ಥೆ ಇದು. 1978ರಲ್ಲಿ ಒಂದು ಆಂತರಿಕ ಹೇಳಿಕೆ ಇತ್ತಂತೆ, ಅದು ಸದಸ್ಯರಿಗೇ ಸರಿಯಾಗಿ ಮುಟ್ಟಿರಲಿಲ್ಲ. ಕೋರ್ಟಿಗೆ ಬಂದಾಗ "ಇದು ನಮ್ಮ ಸಂದೇಶ" ಅಂದುಬಿಟ್ರೆ ಸಾಕಾ? ಹಾಗಾದ್ರೆ ಯಾವ ತಾರತಮ್ಯ ವಿರೋಧಿ ಕಾನೂನು ತಾನೇ ಉಳಿಯುತ್ತೆ?

ನಾನು ಸ್ಟೀವನ್ಸ್ ಕಡೆ. ಲಕ್ಷಾಂತರ ಹುಡುಗರನ್ನ ಬನ್ನಿ ಬನ್ನಿ ಅಂತ ಕರೆಯೋ, 1916ರಲ್ಲಿ ಅಮೆರಿಕದ ಸಂಸತ್ತೇ ಸನ್ನದು ಕೊಟ್ಟ ಸಂಸ್ಥೆ, ಒಂದು ಸಣ್ಣ ಬಳಗದ ಥರ ಮುನಿಸ್ಕೊಳ್ಳೋ ಹಾಗಿಲ್ಲ ಅನ್ನೋದು ನನ್ನ ಅಭಿಪ್ರಾಯ. ಇಲ್ಲಿಗೇ ನಿಲ್ಲಿಸಿ ಎಪಿಸೋಡ್ ಅಪ್‌ಲೋಡ್ ಮಾಡಿಬಿಡೋಣ ಅಂತಿದ್ದೆ. ಅಷ್ಟರಲ್ಲಿ ಸಾಫ್ಟ್‌ಬಾಲ್ ಕೇಸು ಸಿಕ್ತು.

2008. ಸಿಯಾಟಲ್ ಕಡೆ ಗೇ ಸಾಫ್ಟ್‌ಬಾಲ್ ವರ್ಲ್ಡ್ ಸೀರೀಸ್ ಅಂತ ಟೂರ್ನಿ. ಹೌದು, ಆ ಹೆಸರಿನದ್ದೇ ಇದೆ. ಆಗಿನ ನಿಯಮ ಏನು ಅಂದ್ರೆ ಒಂದು ತಂಡದಲ್ಲಿ ಸಲಿಂಗಿಗಳಲ್ಲದವರು ಇಬ್ಬರಿಗಿಂತ ಜಾಸ್ತಿ ಇರೋ ಹಾಗಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಒಂದು ತಂಡ ಫೈನಲ್‌ವರೆಗೂ ಬಂತು. ಇವರಲ್ಲಿ ಸ್ಟ್ರೈಟ್ ಜನ ಜಾಸ್ತಿ ಇದಾರೆ ಅಂತ ದೂರು ಹೋಯ್ತು. ಆಟಗಾರರನ್ನ ಒಂದು ರೂಮಿಗೆ ಕರೆಸಿ, ಜನ ತುಂಬಿದ ಆ ರೂಮಲ್ಲಿ, ನಿಮಗೆ ಯಾರ ಮೇಲೆ ಆಸೆ ಅಂತ ಪ್ರಶ್ನೆ ಕೇಳಿ, ಕಮಿಟಿ ಓಟು ಹಾಕಿ, ಮೂವರನ್ನ "ಗೇ ಅಲ್ಲ" ಅಂತ ತೀರ್ಮಾನ ಮಾಡ್ತು. ತಂಡ ಅನರ್ಹ. ಆ ಮೂವರು ಕೇಸು ಹಾಕಿದ್ರು. ನಾವು ಬೈಸೆಕ್ಷುವಲ್, ನಮ್ಮನ್ನ ಲೆಕ್ಕಕ್ಕೇ ತಗೊಂಡಿಲ್ಲ ಅಂತ.

2011ರಲ್ಲಿ ಫೆಡರಲ್ ಜಡ್ಜ್ ಏನು ಹೇಳಿದ್ರು ಗೊತ್ತಾ? ತನ್ನ ಟೂರ್ನಿಯಲ್ಲಿ ಸಲಿಂಗಿಗಳಲ್ಲದವರ ಸಂಖ್ಯೆಗೆ ಮಿತಿ ಹಾಕೋ ಹಕ್ಕು ಆ ಸಂಸ್ಥೆಗೆ ಇದೆ. ಆಧಾರ? ಬಾಯ್ ಸ್ಕೌಟ್ಸ್ ವಿರುದ್ಧ ಡೇಲ್. ಡೇಲ್‌ನನ್ನ ಹೊರಗೆ ಹಾಕಿದ ತೀರ್ಪೇ ಗೇ ಲೀಗ್ ಅನ್ನ ಕಾಪಾಡ್ತು. ಆ ಮೂವರನ್ನ ನಡೆಸಿಕೊಂಡ ರೀತಿಯ ಪ್ರಶ್ನೆ ಮಾತ್ರ ವಿಚಾರಣೆಗೆ ಉಳಿದಿತ್ತು. ಅಷ್ಟರಲ್ಲಿ ರಾಜಿ ಆಯ್ತು, ಅವರ ತಂಡದ ಎರಡನೇ ಸ್ಥಾನವನ್ನ ಒಪ್ಕೊಂಡ್ರು.

ಓದಿ ಮೊದಲು ನಕ್ಕೆ. ಆಮೇಲೆ ನಗು ನಿಂತುಹೋಯ್ತು. ಆ ರೂಮನ್ನ ಕಲ್ಪಿಸ್ಕೊಳ್ಳಿ. ಬೇರೆ ಕಡೆ ತಮ್ಮನ್ನ ಸೋಸಿ ಹೊರಗೆ ಹಾಕಿದ್ದಕ್ಕೆ ತಮ್ಮದೇ ಲೀಗ್ ಕಟ್ಕೊಂಡವರು, ಇಲ್ಲಿ ಕೂತು ಇನ್ನೊಬ್ಬರನ್ನ ಸೋಸ್ತಿದಾರೆ. ಆದ್ರೆ ಲೀಗ್‌ನವರ ಭಯವೂ ಸುಳ್ಳಲ್ಲ: ಮಿತಿ ಇಲ್ಲ ಅಂದ್ರೆ, ಚೆನ್ನಾಗಿ ಆಡೋ ಸ್ಟ್ರೈಟ್ ಹುಡುಗರನ್ನ ತುಂಬ್ಕೊಂಡು ಕಪ್ ಹೊಡೆಯೋ ತಂಡಗಳು ಬಂದು, ಇದು ಇನ್ನೊಂದು ಮಾಮೂಲಿ ಟೂರ್ನಿ ಆಗಿಬಿಡುತ್ತೆ.

ಈ ಹಕ್ಕು ಹೀಗೆ ಪಕ್ಷ ಬದಲಿಸೋದು ಇದೊಂದೇ ಸಲ ಅಲ್ಲ. ಸೈನ್ಯದಲ್ಲಿ ಸಲಿಂಗಿಗಳು ಬಾಯಿ ಮುಚ್ಕೊಂಡಿದ್ರೆ ಮಾತ್ರ ಕೆಲಸ ಅನ್ನೋ ನಿಯಮ ಇದ್ದಾಗ, ಅದನ್ನ ವಿರೋಧಿಸಿದ ಲಾ ಕಾಲೇಜುಗಳು ಸೈನ್ಯದ ನೇಮಕಾತಿಯವರನ್ನ ಕ್ಯಾಂಪಸ್‌ಗೆ ಬಿಡಲ್ಲ ಅಂದ್ವು. ಅವರು ಹಿಡಿದದ್ದೂ ಡೇಲ್ ತೀರ್ಪನ್ನೇ. 2006ರಲ್ಲಿ 8-0 ಸೋತ್ರು, ನೇಮಕಾತಿಗೆ ಬರೋರು ನಿಮ್ಮ ಸಂಘದ ಸದಸ್ಯರಲ್ಲವಲ್ಲ ಅಂತ ಕೋರ್ಟು ಹೇಳ್ತು. 2010ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಸರ್ಕಾರಿ ಲಾ ಕಾಲೇಜಿನ ಕ್ರಿಶ್ಚಿಯನ್ ವಿದ್ಯಾರ್ಥಿ ಸಂಘ, ಸಲಿಂಗಿಗಳಿಗೆ ಸದಸ್ಯತ್ವ ಕೊಡಲ್ಲ, ಆದ್ರೂ ನಮಗೆ ಕಾಲೇಜಿನ ಮಾನ್ಯತೆ ಬೇಕು ಅಂತು. 5-4ರಿಂದ ಸೋತಿತು. ಎಲ್ಲ ಸಂಘಗಳೂ ಎಲ್ಲರಿಗೂ ತೆರೆದಿರಬೇಕು ಅನ್ನೋ ನಿಯಮ ಕಾಲೇಜು ಮಾಡಬಹುದು ಅಂತಾಯ್ತು. 2023ರಲ್ಲಿ ಕೊಲರಾಡೋದ ಒಬ್ಬ ವೆಬ್‌ಸೈಟ್ ಡಿಸೈನರ್, ಸಲಿಂಗ ಮದುವೆಗೆ ವೆಬ್‌ಸೈಟ್ ಮಾಡಲ್ಲ ಅಂತ ಹೋಗಿ 6-3ರಿಂದ ಗೆದ್ರು. ಅದು ಸಂಘದ್ದಲ್ಲ, ಮಾತಿನ ಹಕ್ಕಿನ ಕೇಸು, ಆದ್ರೆ ಬಾಸ್ಟನ್ ಮೆರವಣಿಗೆ ಮತ್ತು ಡೇಲ್ ಎರಡೂ ಅದರಲ್ಲಿ ಮತ್ತೆ ಬಂದ್ವು. ಅದರ ಬಗ್ಗೆ ಬೇರೆ ಎಪಿಸೋಡೇ ಬೇಕು.

ಸ್ಕೌಟ್ಸ್ ಏನಾಯ್ತು ಅಂತ ಕೇಳ್ತಿದೀರಿ. ಗೆದ್ದರು, ಆದ್ರೆ ಗೆದ್ದ ಮೇಲೆ ಕಷ್ಟ ಶುರುವಾಯ್ತು. ದೇಣಿಗೆ ಕೊಡ್ತಿದ್ದ ಕೆಲವರು ನಿಲ್ಲಿಸಿದ್ರು. ಸ್ವತಃ ಈಗಲ್ ಸ್ಕೌಟ್ ಆಗಿದ್ದ ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ 2001ರಲ್ಲಿ ಅದರ ಸಲಹಾ ಮಂಡಳಿ ಬಿಟ್ರು. 2013ರಲ್ಲಿ ಸ್ಕೌಟ್ಸ್ ತಾನೇ ಓಟು ಹಾಕಿ ಸಲಿಂಗಿ ಹುಡುಗರನ್ನ ಸೇರಿಸ್ಕೊಳ್ಳೋಕೆ ಒಪ್ತು. 2015ರಲ್ಲಿ ದೊಡ್ಡವರ ಮೇಲಿನ ನಿಷೇಧವೂ ಹೋಯ್ತು, ಚರ್ಚುಗಳು ನಡೆಸೋ ಘಟಕಗಳಿಗೆ ಮಾತ್ರ ಅವರವರ ಇಷ್ಟ. ಬಾಸ್ಟನ್ ಮೆರವಣಿಗೆಯಲ್ಲೂ ಅದೇ 2015ರಲ್ಲಿ ಸಲಿಂಗಿ ಮಾಜಿ ಸೈನಿಕರ ಗುಂಪು ತನ್ನ ಬ್ಯಾನರ್ ಹಿಡಿದು ನಡೀತು. ಎರಡೂ ಕಡೆ ಕೋರ್ಟು ಬೇಡ ಅನ್ನೋ ಹಕ್ಕು ಕೊಟ್ಟಿತ್ತು. ಎರಡೂ ಕಡೆ ಒಳಗಿದ್ದವರೇ ಆ ಹಕ್ಕನ್ನ ಬಳಸೋದು ಬೇಡ ಅಂದ್ರು. ಇದನ್ನ ಸುಖಾಂತ್ಯ ಅಂತ ಹೇಳೋಕೆ ನನಗೆ ಮನಸ್ಸಿಲ್ಲ. ಡೇಲ್‌ಗೆ ಪತ್ರ ಬಂದಾಗ 20ರ ಆಸುಪಾಸು, ನಿಷೇಧ ಹೋದಾಗ 40 ದಾಟಿತ್ತು.

ನಮ್ಮ ಟ್ರೆಕ್ಕಿಂಗ್ ಗ್ರೂಪ್‌ಗೆ ಬರ್ತೀನಿ. ಈ ಯಾವ ಕೇಸಿನ ಅಳತೆಯಲ್ಲಿ ಇಟ್ಟು ನೋಡಿದ್ರೂ ಆ ಅಡ್ಮಿನ್ ಹೇಳಿದ್ದು ಕಾನೂನು ಪ್ರಕಾರ ಸರಿ. 17 ಜನರ ಬಳಗ, ಜೇಸೀಸ್ ಅಲ್ಲ, ಸ್ಕೌಟ್ಸೂ ಅಲ್ಲ. ಯಾವ ಕೋರ್ಟೂ ಒಳಗೆ ಬರಲ್ಲ, ಬರಬೇಕು ಅಂತ ನಾನೂ ಕೇಳಲ್ಲ. ಆದ್ರೆ "ನಮ್ಮಿಷ್ಟ" ಅಂತ ಅವನು ಬರೆದಾಗ ಆ "ನಮ್ಮ"ದಲ್ಲಿ ನಾನೂ ಇದ್ದೆ. ನನ್ನಿಷ್ಟ ಏನು ಅಂತ ನಾನು ಟೈಪ್ ಮಾಡಲಿಲ್ಲ. ಬಾಕಿ 15 ಜನರಲ್ಲಿ ಪ್ರಶ್ನೆ ಕೇಳಿದ ಒಬ್ಬಳನ್ನ ಬಿಟ್ರೆ ಯಾರೂ ಮಾಡಲಿಲ್ಲ. ಗ್ರೂಪ್ ಮುಂದೆ ಆರು ತಿಂಗಳೂ ನಡೀಲಿಲ್ಲ. ಕಾರಣ ಇದಲ್ಲ, ಹಾಗಂತ ಹೇಳಿದ್ರೆ ಕತೆಗೆ ಚೆನ್ನಾಗಿರುತ್ತೆ, ಆದ್ರೆ ಸುಳ್ಳು. ಒಬ್ಬರು ಮದುವೆ ಆದ್ರು, ಇಬ್ಬರು ಬೇರೆ ಊರಿಗೆ ಹೋದ್ರು, ಅಷ್ಟೇ.

ಅವನು ಈಗ ಬೇರೆ ಗ್ರೂಪ್ ಜೊತೆ ಟ್ರೆಕ್ ಹೋಗ್ತಾನೆ. ಎಲ್ಲರೂ ಕ್ವಿಯರ್ ಇರೋ ಗ್ರೂಪ್ ಅಂತೆ. ಫೋನಲ್ಲಿ ನಾನು ತಮಾಷೆಗೆ, ನನ್ನನ್ನ ಸೇರಿಸ್ಕೋತೀರಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಕೇಳಿ ಹೇಳ್ತೀನಿ, ನನ್ನೊಬ್ಬನ ತೀರ್ಮಾನ ಅಲ್ಲ" ಅಂದ.

ನಿಮಗೊಂದು ಪ್ರಶ್ನೆ. ನನ್ನ ಪ್ರಕಾರ ಸ್ಕೌಟ್ಸ್ ಸೋಲಬೇಕಿತ್ತು, ಸಾಫ್ಟ್‌ಬಾಲ್ ಲೀಗ್ ಗೆದ್ದದ್ದು ಸರಿ. ಎರಡನ್ನೂ ಒಟ್ಟಿಗೆ ಹೇಳೋಕಾಗುತ್ತಾ, ಇಲ್ಲಾ ನಾನು ನನಗೆ ಬೇಕಾದವರ ಪರ ಲೆಕ್ಕ ತಿದ್ದುತಿದೀನಾ? ಓ'ಕಾನರ್ ಎಳೆದ ಗೆರೆ ಹಿಡಿದು ಎರಡು ರಾತ್ರಿ ಕೂತೆ, ಪೂರ್ತಿ ಬಗೆಹರೀಲಿಲ್ಲ. ಕಾನೂನು ಓದ್ತಿರೋರು ಇದ್ರೆ ಒಂದು ನಿಮಿಷದ ಒಳಗೆ ವಾಯ್ಸ್ ನೋಟ್ ಕಳಿಸಿ, ಮುಂದಿನ ವಾರ ಹಾಕ್ತೀನಿ. ಬೈಗುಳ ಕಳಿಸೋರು ಟೆಕ್ಸ್ಟ್ ಮಾಡಿ, ಎಡಿಟಿಂಗ್ ಸುಲಭ ಆಗುತ್ತೆ. ಸಿಗೋಣ.